ಪಾಲಿಬೆಟ್ಟದಲ್ಲಿ ಷಡ್ಜವಿಲ್ಲದ ಸಂಗೀತ

ಬೆಳಿಗ್ಗೆ ಮಡಿಕೇರಿಯಿಂದ ಹೊರಟ ಬಸ್ಸು ಸಿದ್ದಾಪುರ ತಲುಪುವಷ್ಟರಲ್ಲಿ ಎರಡು ಸಲ ಕೆಟ್ಟು ನಿಂತಿತು. ಎರಡನೆಯ ಸಲ ನಾವೆಲ್ಲ ಇಳಿದು ಜಡಿಮಳೆಯಲ್ಲಿ ಅದನ್ನು ತಳ್ಳಿದೆವು. ಸಿದ್ದಾಪುರದಲ್ಲಿ ಕಂಡಕ್ಟರ್, "ಮುಂದೆ ಹೋಗುದಿಲ್ಲ, ಎಲ್ಲ ಇಳೀರಿ" ಎಂದ. ಪಾಲಿಬೆಟ್ಟಕ್ಕೆಂದು ಟಿಕೆಟ್ ಕೊಟ್ಟಿದ್ದೀಯಲ್ಲ ಎಂದರೆ, "ನಾನು ಕೊಟ್ಟೆ, ಇಂಜಿನ್ ಒಪ್ಪಬೇಕಲ್ಲ" ಎಂದು ಬೀಡಿ ಹಚ್ಚಿದ.

ಹಿಂತಿರುಗುವ ಹಾಗಿರಲಿಲ್ಲ. ಮಡಿಕೇರಿಯಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುವ ನಾನು ಯುರೋಪಿನ ಹೊಸ ಸಂಗೀತಕಾರರ ಬಗ್ಗೆ ಪತ್ರಿಕೆಗಳಲ್ಲಿ ಓದಿದ್ದೆ. ಅವರು ಆಧಾರ ಷಡ್ಜವನ್ನೇ ಕೈಬಿಟ್ಟು ಹನ್ನೆರಡು ಸ್ವರಸ್ಥಾನಗಳನ್ನೂ ಸರಿಸಮ ಮಾಡಿದ್ದಾರಂತೆ. ಕೇಳಿದ್ದು ಮಾತ್ರ ಒಂದು ಸ್ವರವೂ ಇಲ್ಲ. ಪಾಲಿಬೆಟ್ಟದ ಎಸ್ಟೇಟಿನ ದೊರೆಸಾನಿಯ ಬಳಿ ಅಂಥ ಒಂದು ಕೃತಿಯ ಗ್ರಾಮಫೋನ್ ತಟ್ಟೆಗಳಿದ್ದವು. ಗಂಡ ತೀರಿಕೊಂಡ ಮೇಲೆ ತೋಟ ಮಾರಿದ್ದ ಆಕೆ ಮರುದಿನವೇ ಇಂಗ್ಲೆಂಡಿಗೆ ಹೊರಡುವವರಿದ್ದರು.

ಮಧ್ಯಾಹ್ನದ ಹೊತ್ತಿಗೆ ಆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಂದಣ್ಣ ಲಾರಿಯಲ್ಲಿ ಬಂದರು. ತಟ್ಟೆಗಳ ಸುದ್ದಿಯನ್ನು ನನಗೆ ಮುಟ್ಟಿಸಿದ್ದವರೇ ಅವರು. "ಹತ್ತಿ ಮಾಷ್ಟ್ರೇ, ಗೊಬ್ಬರದ ಮೂಟೆ ಮೇಲೆ ಕೂರಿ. ಒಂದು ಹೇಳ್ತೇನೆ, ಆ ತಟ್ಟೆಯಲ್ಲಿರೋದು ಹಾಡೂ ಅಲ್ಲ, ಪಾಟೂ ಅಲ್ಲ. ಬಂಗಲೆ ನಾಯಿ ಸಹ ಎದ್ದು ಹೋಗ್ತದೆ."

ಬಂಗಲೆಯ ತುಂಬ ಪೆಟ್ಟಿಗೆಗಳು. ದೊರೆಸಾನಿ ಒಂದು ಲೋಟ ಕಾಫಿ ಕೊಟ್ಟು ತಟ್ಟೆ ಹಾಕಿದರು. ನಾಲ್ಕು ತಂತಿವಾದ್ಯಗಳ ಕೃತಿ. ಹಿಡಿತಕ್ಕೆ ಬಂತು ಎನ್ನುವಷ್ಟರಲ್ಲಿ ತಟ್ಟೆ ಮುಗಿಯುತ್ತಿತ್ತು. ಮಗುಚಿ ಹಾಕಬೇಕು, ಮತ್ತೆ ಕೀಲಿ ತಿರುಗಿಸಬೇಕು. ಕೂತಲ್ಲೇ ಷಡ್ಜಕ್ಕಾಗಿ ತಡಕಾಡಿದೆ. ಸಿಕ್ಕಿತೆನ್ನುವಾಗ ನಾಲ್ಕೂ ವಾದ್ಯಗಳು ಸೇರಿ ಅದನ್ನು ಕಿತ್ತುಕೊಳ್ಳುತ್ತಿದ್ದವು. ನನ್ನ ತಲೆ ಕಾದುಹೋಯಿತು. ನಾಯಿ ನಿಜಕ್ಕೂ ಎದ್ದು ಹೋಯಿತು.

ಕೊನೆಯ ತಟ್ಟೆ ಹೊರತೆಗೆದರೆ ಎರಡು ಹೋಳು. ಸಾಮಾನು ಕಟ್ಟುವಾಗ ಒಡೆದಿತ್ತು.

"ಛೇ!" ಎಂದು ನಾನು ಕೂಗಿಬಿಟ್ಟೆ. ಅಷ್ಟು ಬೈದುಕೊಂಡು ಕೇಳಿದ್ದರ ಕೊನೆಯೇ ಸಿಗಲಿಲ್ಲವೆಂದು ಹೋಳುಗಳನ್ನು ಕೂಡಿಸಿ ಹಿಡಿದು ನೋಡಿದೆ.

ದೊರೆಸಾನಿ ನನ್ನನ್ನೇ ನೋಡಿದರು. ಆಮೇಲೆ ಪೆಟ್ಟಿಗೆಯೊಂದರ ಮೊಳೆ ಕೀಳಿಸಿ, ಅದೇ ಕೃತಿಯ ಅಚ್ಚಾದ ಸ್ವರಲಿಪಿಯನ್ನು ಹುಡುಕಿ ತೆಗೆದು, ಉಳಿದ ಭಾಗ ನುಡಿಸಲು ಪಿಯಾನೊ ಮುಂದೆ ಕೂತರು. ಥಂಡಿಗೆ ಅದರ ಕರಿ ಬಿಳಿ ಮನೆಗಳು ಎಷ್ಟೋ ಕಚ್ಚಿಕೊಂಡಿದ್ದವು. ಒತ್ತಿದ ಮನೆ ಮೇಲೇಳದಿದ್ದ ಕಡೆ ಆಕೆ ತಾವೇ ಹಾಡಿದರು. ಆ ಒಡಕು ದನಿಯಲ್ಲಿ ಸ್ವರಗಳು ಒಂದೊಂದಾಗಿ, ಯಾವ ಆಸರೆಯೂ ಇಲ್ಲದೆ ನಿಂತವು. ನಾನು ಹುಡುಕುವುದನ್ನು ಬಿಟ್ಟು ಸುಮ್ಮನೆ ಕೇಳಿದೆ.

"ಇಷ್ಟ ಆಯ್ತಾ?" ಎಂದರು, ಎಸ್ಟೇಟಿನಲ್ಲಿ ಕಲಿತ ಕನ್ನಡದಲ್ಲಿ.

"ಇಲ್ಲ. ಸಿಟ್ಟು ಬಂತು."

"ಒಳ್ಳೇದು. ನಮ್ಮ ದೊರೆಗೆ ನಿದ್ದೆ ಬರ್ತಿತ್ತು."

ನಗುತ್ತಲೇ ಉಳಿದ ತಟ್ಟೆಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ನನ್ನ ಕೈಗಿಟ್ಟರು.

"ನನ್ನ ಹತ್ತಿರ ಗ್ರಾಮಫೋನೇ ಇಲ್ಲ ಅಮ್ಮಾ."

"ತಗೊಳ್ಳಿ. ಸಿಟ್ಟು ಬಂದವರ ಹತ್ತಿರ ಇರಲಿ."

ಮಂದಣ್ಣನ ಲಾರಿ ಮತ್ತೆ ಹೊರಟಿತು. ಗುಂಡಿ ಬಂದಾಗಲೆಲ್ಲ ಗಂಟನ್ನು ಎದೆಗೆ ಅವುಚಿಕೊಂಡು ಡ್ರೈವರನನ್ನು ಬೈದೆ. ಗೇಟು ದಾಟುವಾಗ ಹಿಂತಿರುಗಿ ಕೈಬೀಸಿದೆ. ದೊರೆಸಾನಿ ಮಳೆಯಲ್ಲೇ ನಿಂತಿದ್ದರು. ಅವರ ಕಣ್ಣು ಕಂಬಳಿಯ ಗಂಟಿನ ಮೇಲೇ ಇತ್ತು.