ಹನುಮಕ್ಕ ಬರೆಯದ ಅರ್ಜಿ

ಆ ಅರ್ಜಿ ಬರೆದವಳು ನಾನು. ಹನುಮಕ್ಕನಲ್ಲ. ಇಷ್ಟು ಹೇಳಲು ನನಗೆ ಒಂದು ಆಯುಷ್ಯವೇ ಬೇಕಾಯಿತು — ಅವತ್ತೇ ಹೇಳಿದ್ದರೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲಿನ ಎರಡನೆಯ ಬೇಸಿಗೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ ಬಿ.ಎ.ಗೆ ಸೇರಿದ್ದ ನಾನು, ಕಾಲೇಜಿನ ಸಮ್ಮರ್ ಪ್ರಾಜೆಕ್ಟಿಗೆಂದು ಇನ್ನೂ ಐದು ಹುಡುಗಿಯರ ಜೊತೆ ಸಿರುಗುಪ್ಪದ ಕಡೆಯ ಒಂದು ಹಳ್ಳಿಗೆ ಹೋದೆ. ಊರಿನ ಹೆಸರು ಬೇಡ. ಮನೆಮನೆ ತಿರುಗಿ ಸರ್ವೆ ಫಾರಂ ತುಂಬುವುದು ಒಂದು ಕೆಲಸ. ಇನ್ನೊಂದು ಲೀಡರ್‌ಶಿಪ್ — ರಜೆ ಮುಗಿಯುವುದರೊಳಗೆ ಪ್ರತಿಯೊಬ್ಬಳೂ ಹಳ್ಳಿಯ ಒಬ್ಬ ಹೆಂಗಸನ್ನು ಮುಂದಾಳಾಗಿ ತಯಾರು ಮಾಡಬೇಕು, ಅವಳ ಕೈಯಿಂದಲೇ ಊರಿಗೆ ಒಂದು ಕೆಲಸ ಮಾಡಿಸಬೇಕು. ಚೆನ್ನಾಗಿ ಮಾಡಿದವಳಿಗೆ ಬೆಳ್ಳಿ ಕಪ್. ಆ ಕಪ್ ನನಗೆ ಬೇಕಿತ್ತು. ಟೆರಿಬ್ಲಿ ಬೇಕಿತ್ತು.

ನಾನು ಆರಿಸಿಕೊಂಡದ್ದು ಹನುಮಕ್ಕನನ್ನು. ಗಂಡ ಇಲ್ಲದವಳು. ಊರ ಗೌಡರ ಕೊಟ್ಟಿಗೆಯ ಸಗಣಿ ಬಳಿಯುತ್ತಿದ್ದಳು. ಅವಳ ಗುಡಿಸಲು ಇದ್ದದ್ದೂ ಗೌಡರ ಜಾಗದಲ್ಲೇ. ಮೊದಲ ದಿನ ನನ್ನ ಫಾರಂ ನೋಡಿ ಓಣಿಯವರೆಲ್ಲ ಕೇಳುವ ಹಾಗೆ ನಗಾಡಿದವಳು ಅವಳು: “ಎಮ್ಮಿ ಎಷ್ಟು, ಕೋಳಿ ಎಷ್ಟು, ಕೂಸು ಎಷ್ಟು, ಎಲ್ಲಾ ಕೇಳ್ತಾರಬೇ ಈ ಅಮ್ಮಾರು! ನಾವು ಕೇಳಾಕ ಹೋದ್ರ ‘ನಂದಿನ್ನ ಮದಿವಿನ ಆಗಿಲ್ಲ’ ಅಂತಾರ!”

“ಸತ್ತವರು” ಎಂಬ ಕಾಲಂ ಬಂದಾಗ ನಗು ನಿಂತಿತು. “ಹ್ವಾದ ಬ್ಯಾಸಿಗ್ಯಾಗ ಸಣ್ಣದು ಹೋತ್ರಿ. ವಾಂತಿ-ಭೇದಿ.” ಅದೇ ಓಣಿಯಲ್ಲಿ ಇನ್ನೂ ಮೂರು ಮನೆಗಳಲ್ಲಿ ಅದೇ ಉತ್ತರ. ಕಾರಣ ಕಣ್ಣೆದುರಿಗೇ ಇತ್ತು. ಬೇಸಿಗೆಯಲ್ಲಿ ಕಾಲುವೆಯ ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ಗೌಡರ ಎಮ್ಮೆಗಳನ್ನು ಮೇಲ್ಗಡೆ ತೊಳೆಯುತ್ತಿದ್ದರು, ಇವರು ಕೆಳಗಡೆ ಕೊಡ ತುಂಬಿಕೊಳ್ಳುತ್ತಿದ್ದರು. ಎಮ್ಮೆಗಳನ್ನು ಓಣಿಯವರು ನೀರು ತುಂಬುವ ಜಾಗಕ್ಕಿಂತ ಕೆಳಗಡೆ ತೊಳೆಯಲು ಹೇಳಿ ಎಂದು ತಹಸೀಲ್ದಾರರಿಗೆ ಒಂದು ಅರ್ಜಿ — ನನ್ನ ಪ್ರಾಜೆಕ್ಟ್ ಸಿಕ್ಕಿತ್ತು.

ತಿಂಗಳಿಡೀ ಅವಳು ಕಾಲುವೆಯ ದಂಡೆಯ ಹಸಿಮಣ್ಣಿನಲ್ಲಿ ಬೆರಳಿನಿಂದ ತನ್ನ ಹೆಸರು ತಿದ್ದಿದಳು. ಹೆಸರು ಮಾತ್ರ. ಅದರಾಚೆ ಒಂದಕ್ಷರವೂ ಬರುತ್ತಿರಲಿಲ್ಲ. ಅರ್ಜಿ ನಾನೇ ಬರೆದೆ. ಓಣಿಯ ಯಾರೂ ಹೆಬ್ಬೆಟ್ಟು ಒತ್ತಲು ಬರಲಿಲ್ಲ. ಅವಳೊಬ್ಬಳು ಬಂದಳು, ಸೆರಗು ಹಿಡಿದುಕೊಂಡಿದ್ದ ಮಗಳನ್ನು ತೋರಿಸಿ “ಇದೊಂದರ ಉಳೀಲಿ” ಅಂದಳು. ಪೆನ್ನು ಹಿಡಿದು ಕೇಳಿದಳು, “ಹೆಸ್ರು ಹಾಕಿದ್ರ ಏನರ ಆಗ್ತೈತೇನ್ರಿ ಅಮ್ಮಾರ?”

“ಏನೂ ಆಗೋದಿಲ್ಲ. ನಾನಿದ್ದೀನಲ್ಲ” ಅಂದೆ.

ನಾನಿದ್ದೀನಲ್ಲ...

ಕಚೇರಿಯವರು ಅರ್ಜಿಯನ್ನು ವಿಚಾರಣೆಗೆಂದು ಗೌಡರ ಕೈಗೇ ಕಳಿಸಿದರು. ನಾವು ಇಳಿದುಕೊಂಡಿದ್ದೂ ಗೌಡರ ಮನೆಯಲ್ಲೇ. ಬೆಳಗ್ಗೆ ಪಡಸಾಲೆಯಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದಾಗ ಅವರು ಕಾಗದ ಹಿಡಿದು ಬಂದರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

“ಅಕ್ಷರ ಮುತ್ತಿನಂಗ ಅದಾವು ತಂಗಿ. ಯಾರು ಬರದಾರ?”

“ಹನುಮಕ್ಕನೇ. ನಾವು ಕಲಿಸಿದೆವಲ್ಲ.”

ಹೊಗಳುವವಳ ಹಾಗೆ ಹೇಳಿದೆ. ಸುಳ್ಳೆಂದು ಅವರಿಗೂ ಗೊತ್ತಿತ್ತು — ತಿಂಗಳೊಪ್ಪತ್ತಿನಲ್ಲಿ ಯಾರಿಗೆ ಅಂಥ ಅರ್ಜಿ ಬರೆಯಲು ಬರುತ್ತದೆ? ಆದರೆ ನನ್ನ ತಂದೆ ಬಳ್ಳಾರಿಯಲ್ಲಿ ಅವರ ವಕೀಲರು. ವಕೀಲರ ಮಗಳ ಮೇಲೆ ಸಿಟ್ಟಾಗುವ ಹಾಗಿಲ್ಲ. ನನ್ನ ಸುಳ್ಳು ಅವರಿಗೂ ಅನುಕೂಲವಾಯಿತು. ಕೊಟ್ಟಿಗೆಯಿಂದ ಅವಳನ್ನು ಕರೆಸಿದರು. ಸಗಣಿಗೈಯಲ್ಲೇ ಬಂದು ನಿಂತಳು.

“ಏನಬೇ, ಇದನ್ನ ನೀನ ಬರ್ದೀಯಂತ?”

ಅವಳು ನನ್ನ ಕಡೆ ನೋಡಿದಳು. ನಾನು ತಟ್ಟೆಯಲ್ಲಿ ಶೇಂಗಾ ಆರಿಸುತ್ತಿದ್ದೆ. ಆಗಲೂ ಹೇಳಬಹುದಿತ್ತು — ಆಗಲೂ —

“ಹೂಂರಿ ಗೌಡ್ರ. ನಾನ ಬರ್ದೀನಿ.”

“ಭಾಳ ಶಾಣ್ಯಾಕಿ ಆದಿ ಬಿಡು. ಇಷ್ಟು ಓದಿದಾಕಿಗೆ ಸಗಣಿ ಬಳಿಯೋ ಕೆಲ್ಸ ಯಾಕ? ನಾಳಿಂದ ಬರಬ್ಯಾಡ. ಗುಡಿಸ್ಲಾನೂ ಕಿತ್ಕೊಂಡು ಹೋಗು.”

ಎರಡು ದಿನದಲ್ಲಿ ಅವಳು ಮಗಳನ್ನು ಕರೆದುಕೊಂಡು ಕುರುಗೋಡಿನ ಅಕ್ಕನ ಮನೆಗೆ ಹೊರಟುಹೋದಳು. ಎಮ್ಮೆಗಳು ಮೊದಲಿನ ಜಾಗದಲ್ಲೇ ಹೊರಳಾಡುತ್ತಿದ್ದವು. ನಾನು ರಿಪೋರ್ಟ್ ಬರೆಯಲು ಕುಳಿತೆ. “ಶಿ ಡ್ರಾಫ್ಟೆಡ್ ದಿ ಪೆಟಿಷನ್ ಹರ್‌ಸೆಲ್ಫ್” ಎಂದು ಬರೆದೆ. ಅವಳ ಗುಡಿಸಲು ಹೋದದ್ದನ್ನು ಬರೆಯಲಿಲ್ಲ. ಗೌಡರ ಮುಂದೆ ಆಡಿದ್ದನ್ನು ಹೆದರಿಕೆ ಅನ್ನೋಣ. ರಿಪೋರ್ಟ್ ಬರೆಯುವಾಗ ನನಗೆ ಯಾರ ಹೆದರಿಕೆಯಿತ್ತು? ಕಪ್ ನನಗೇ ಬಂತು. ಆ ಸಾಲನ್ನು ಪ್ರಿನ್ಸಿಪಾಲರು ಸ್ಟೇಜಿನ ಮೇಲೆ ಓದಿದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಮೂರು ವರ್ಷದ ಮೇಲೆ ಒಂದು ಮದುವೆಗೆ ಕುರುಗೋಡಿಗೆ ಹೋಗಿದ್ದೆ. ಗುಡ್ಡದ ಕೆಳಗೆ ಜಲ್ಲಿ ಒಡೆಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ಎದ್ದು ಬಂದಳು. ಗುರುತು ಹಿಡಿದದ್ದು ಅವಳು, ನಾನಲ್ಲ.

“ಭಾಳ ಸೊರಗೀರಲ್ರಿ ಅಮ್ಮಾರ. ಮದಿವಿ ಆತೇನ್ರಿ?”

ನಾನು ಪಕ್ಕದಲ್ಲಿ ಕಲ್ಲು ಗುಡ್ಡೆ ಹಾಕುತ್ತಿದ್ದ ಹುಡುಗಿಯನ್ನು ನೋಡಿ ಕೇಳಿದೆ, “ಮಗಳು ಶಾಲೆಗೆ ಹೋಗ್ತಾಳಾ?”

“ಇಲ್ರಿ. ನಾನ ಬ್ಯಾಡ ಅಂದೀನಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಅಕ್ಷರ ಬಂತಂದ್ರ, ನಾವು ಬರೀಲಾರದ್ದೂ ನಮ್ಮ ತಲಿಮ್ಯಾಲ ಬರ್ತೈತ್ರಿ.”

ತಪ್ಪಾಯಿತು ಅನ್ನಬಹುದಿತ್ತು. “ಇರಲಿ ಬಿಡ್ರಿ” ಅನ್ನುತ್ತಿದ್ದಳು, ಖಂಡಿತ. ನಾನು ಜಟಕಾ ಹತ್ತಿದೆ.

ಆಮೇಲೆ ಮೂವತ್ತು ವರ್ಷ ಟೀಚರ್ ಆಗಿದ್ದೆ. ಎಷ್ಟೋ ಹುಡುಗಿಯರ ಕೈ ಹಿಡಿದು ಅಕ್ಷರ ತಿದ್ದಿಸಿದ್ದೇನೆ — ಅದರಿಂದ ಇದು ತೀರುವುದಿಲ್ಲ, ತೀರಲಿ ಎಂದು ಹೇಳುತ್ತಲೂ ಇಲ್ಲ. ಆ ರಿಪೋರ್ಟ್ ಇನ್ನೂ ಎಲ್ಲಾದರೂ ಇದ್ದರೆ ಆ ಒಂದು ಸಾಲನ್ನು ಹೊಡೆದುಹಾಕಿ, ಅಲ್ಲಿ ನನ್ನ ಹೆಸರು ಬರೆಯಿರಿ ಎಂದು ಕಾಲೇಜಿಗೆ ಕಾಗದ ಹಾಕಿದ್ದೇನೆ.

ಕಲ್ಲು ಆಯುತ್ತಿದ್ದ ಆ ಹುಡುಗಿಗೆ ಆಗ ಒಂಬತ್ತೋ ಹತ್ತೋ ವರ್ಷ. ಸರ್ವೆ ಫಾರಂನಲ್ಲಿ ನಾನೇ ಬರೆದುಕೊಂಡಿದ್ದ ಅವಳ ಹೆಸರು ಏನಿತ್ತು ಎಂದು ದಿನವೂ ನೆನಪು ಮಾಡಿಕೊಳ್ಳುತ್ತೇನೆ. ನೆನಪಾಗುವುದಿಲ್ಲ.