ತೊಟ್ಟಿಲ ಮೇಲಿನ ಕಾಡಿಗೆ ಬೊಟ್ಟು

ಆ ದಿನ ಬೆಳಗ್ಗೆ ಗಾಜಿನ ಕಪಾಟು ಒರೆಸಿದ್ದೆ, ಹಳೆಯ ಇಳಕಲ್ ಸೀರೆಗಳ ಮಡಿಕೆ ಬದಲಿಸಿ ಒಣಗಿದ ಬೇವಿನ ಎಲೆ ಇಟ್ಟಿದ್ದೆ, ಖಾನಾಪುರದಿಂದ ಬಂದಿದ್ದ ಮರದ ತೊಟ್ಟಿಲನ್ನು ಎಣ್ಣೆಬಟ್ಟೆಯಿಂದ ಗಸಗಸ ಉಜ್ಜಿದ್ದೆ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಕಾಲೇಜಿನ ರಜೆಯಲ್ಲಿ ಬೆಳಗಾವಿಯ ಕೋಟೆ ಉದ್ಯಾನದ ಚಿಕ್ಕ ವಸ್ತುಸಂಗ್ರಹಾಲಯದಲ್ಲಿ ಎರಡು ತಿಂಗಳು ಕೆಲಸ ಕಲಿಯುತ್ತಿದ್ದೆ.

ಮಧ್ಯಾಹ್ನ ಒಬ್ಬ ಅಜ್ಜಿ ಬಂದವರೇ ಆ ತೊಟ್ಟಿಲ ಮುಂದೆ ಕುಳಿತು, ತಲೆಕಡೆಯ ಹಲಗೆಯ ಒಳಬದಿಯನ್ನು ತಡಕತೊಡಗಿದರು.

"ಆಯಿ, ಮುಟ್ಟಬ್ಯಾಡ್ರಿ" ಎಂದೆ.

"ನಾ ಮಲಗಿದ ತೊಟ್ಟಲಾ ನಾನ ಮುಟ್ಟಬಾರದೇನ? ಮನಿ ಕೆಡವೂಮುಂದ ನಮ್ಮಣ್ಣ ನಿಮಗ ಕೊಟ್ಟಾನ. ನನಗ ದೃಷ್ಟಿ ಆಗಬಾರದಂತ ನಮ್ಮವ್ವ ಇಲ್ಲಿ ಕಾಡಿಗಿ ಬೊಟ್ಟ ಇಟ್ಟಿದ್ಲು. ಆಕೀದು ಒಂದ ಫೋಟೋನೂ ಇಲ್ಲವ್ವಾ. ಆ ಬೆರಳಿನ ಗುರ್ತ ನೋಡಾಕಂತ ಬಂದೆ."

ಬೆಳಗ್ಗೆ ಮಸಿ ಎಂದುಕೊಂಡು ನಾನೇ ಅದನ್ನು ತಿಕ್ಕಿ ತೆಗೆದಿದ್ದೆ. ಅದನ್ನೇ ತಡವರಿಸುತ್ತ ಹೇಳಿದೆ. ಅವರು ಬೈಯಲಿಲ್ಲ. ಬರಿದಾದ ಜಾಗಕ್ಕೆ ತಮ್ಮ ಬೆರಳು ಒತ್ತಿದರು.

"ಇಷ್ಟ ಹೊಳಿಯಾಕತ್ತೈತಿ, ಖರೇನ ನಮ್ಮದಲ್ಲ ಅನಸ್ತೈತಿ. ಇನ್ನಮ್ಯಾಲೆ ಕೊಟ್ಟ ಮನಿಯವರನ್ನ ಕೇಳಿ ಒರಸು, ತಂಗಿ" ಎಂದು ಹೇಳಿ ಖಾನಾಪುರದ ಬಸ್ಸಿಗೆ ಹೊರಟರು.

ಅಂದು ಮನೆಯಲ್ಲಿ ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ. ನನಗೆ ಒಂದೇ ರೊಟ್ಟಿ ಸೇರಿತು. ಕೆಲಸದಿಂದ ದಣಿದಿದ್ದ ಅವ್ವ ಮಲಗಿದ್ದ ನನ್ನ ಪಕ್ಕದಲ್ಲಿ ಅಡ್ಡಾಗಿ, ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡೇ ಮೊದಲು ನಿದ್ದೆ ಹೋದಳು. ಆ ಕೈ ಸರಿದೀತೆಂದು ನಾನು ಹೊರಳಲೇ ಇಲ್ಲ.