ಮಾಳಿಗೆಯ ಮೇಲಿಂದ ಅವ್ವ ಕೇಳುತ್ತಿದ್ದ ಮಾತು

ಸೋರಿಕೆ ನೋಡಲೆಂದು ಇವತ್ತು ಮೇಸ್ತ್ರಿ ನಮ್ಮ ತಾರಸಿಯ ಮೇಲೆ ನೀರು ನಿಲ್ಲಿಸಿದ. ನೆನೆದ ಧೂಳಿನ ವಾಸನೆ ಕೆಳಗಿಳಿದು ಬಂದದ್ದೇ ತಡ, ನಾನು ಗುಮ್ಮಘಟ್ಟದ ಕಡೆಯ ನಮ್ಮ ಹಳೆಯ ಮಣ್ಣಿನ ಮನೆಯಲ್ಲಿದ್ದೆ.

ಆಗ ನಮ್ಮ ಸೀಮೆ ಮದ್ರಾಸಿಗೆ ಸೇರಿತ್ತು. ಮಳೆಗಾಲಕ್ಕೆ ಮುಂಚೆ ನೀರು ಇಳಿಯದಂತೆ ಮಾಳಿಗೆಗೆ ಚೌಳುಮಣ್ಣು ಹರಡಿ, ನೀರು ಸುರಿದು, ಎಲ್ಲಿ ಸೋರುತ್ತದೆಂದು ನೋಡುತ್ತಿದ್ದರು. ಬಂಡಿಯ ಗಾಲಿ ಹರಿದು ಅಪ್ಪನ ಕಾಲು ಊನವಾಗಿದ್ದರಿಂದ ಏಣಿ ಹತ್ತುವುದು ಅವ್ವನ ಪಾಲಿಗೆ ಬಂದಿತ್ತು. ಅಪ್ಪ ಒಳಗೆ ಕಂಬಳಿ ಹಾಸಿ ಅಂಗಾತ ಮಲಗಿ ತೊಲೆಗಳ ಸಂದಿ ನೋಡುತ್ತಿದ್ದ. ಅವ್ವ ಬೆಳಕಿಂಡಿಗೆ ಬಾಯಿಟ್ಟು ಕೇಳುತ್ತಿದ್ದಳು, "ಸೋರತೈತೇನ್ರೀ?"

"ನನ್ನ ಮೂಗಿನ ಮ್ಯಾಲೇ ಬಿತ್ತು ನೋಡು," ಎಂದು ಅಪ್ಪ ಸುಳ್ಳು ಹೇಳಿ ಅವಳನ್ನು ನಗಿಸುತ್ತಿದ್ದ.

ಒಂದು ಚಳಿಗಾಲ ಜ್ವರ ಬಂದು ಅಪ್ಪ ತೀರಿಕೊಂಡ. ಮುಂದಿನ ಮಳೆಗೆ ಮೊದಲು ಅವ್ವ ಎಂದಿನಂತೆ ಹತ್ತಿ, ಕೊಡ ಸುರಿದು, ರೂಢಿಯಲ್ಲೇ ಕೇಳಿಬಿಟ್ಟಳು, "ಸೋರತೈತೇನ್ರೀ?"

ಒಳಗಿದ್ದವಳು ನಾನೊಬ್ಬಳೇ. ಮೂಲೆಯಲ್ಲಿ ಹನಿ ಬೀಳುತ್ತಿತ್ತು. "ಇಲ್ಲಿ ಸೋರಾಕತ್ತೈತವ್ವ," ಎಂದೆ.

ಬಹಳ ಹೊತ್ತಿನ ಮೇಲೆ ಅವಳು ಇಳಿದು ಬಂದಾಗ, ಕಣ್ಣೊರೆಸಿಕೊಂಡ ಕೈಯ ಮಣ್ಣು ಕೆನ್ನೆಗೆ ಮೆತ್ತಿತ್ತು. ಆಮೇಲಿನ ವರ್ಷಗಳಲ್ಲಿ ಅವ್ವ ಮೇಲಿನಿಂದ ಕೂಗಲೇ ಇಲ್ಲ. ಪ್ರತಿ ಕೊಡ ಸುರಿದಾಗಲೂ ಇಳಿದು ಬಂದು, ತಾನೇ ನೋಡಿ, ಮತ್ತೆ ಹತ್ತುತ್ತಿದ್ದಳು.

ಆಗ ಅವಳಿಗೆ ಎಷ್ಟು ವಯಸ್ಸಿದ್ದೀತು ಎಂದು ಇವತ್ತು ಯೋಚಿಸಿದೆ. ಪಕ್ಕದ ಕೋಣೆಯಲ್ಲಿ ಎಂ.ಎ. ಪರೀಕ್ಷೆಗೆ ಓದುತ್ತಿರುವ ನನ್ನ ಮೊಮ್ಮಗಳಿಗಿಂತ ಚಿಕ್ಕವಳು.